ಅವ್ವನ ಹೆಸರು ಬರೆಯೋಣ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಮುತ್ತು ಕಟ್ಟಿಸಿಕೊಂಡ ತಾಯಿಯ ಮಕ್ಕಳ ಬಗ್ಗೆ ಊರು ಎರಡು ಮಾತು ಆಡುತ್ತೆ. ಹುಟ್ಟಿದಾಗ, ‘ಅಪ್ಪ ಇಲ್ಲದ ಕೂಸು, ಆಕೆಗೊಂದು ಭಾರ’ ಅನ್ನುತ್ತೆ. ಅದೇ ಕೂಸು ಓದಿ ನೌಕರಿ ಹಿಡಿದರೆ, ‘ಮಗ ತಾಯಿಯ ಪಾಪ ತೊಳೆದ’ ಅನ್ನುತ್ತೆ. ಈ ಎರಡು ಮಾತನ್ನೂ ನಾವು ಒಪ್ಪೋದಿಲ್ಲ.

ಕಷ್ಟ ಇದ್ದದ್ದು ನಿಜ. ಮಗುವಿಗೆ ಕಾರಣನಾದ ಗಂಡಸು ಹೆಸರೂ ಕೊಡಲಿಲ್ಲ, ಹೊಲದಲ್ಲಿ ಪಾಲೂ ಕೊಡಲಿಲ್ಲ. ಅವ್ವ ಕೂಲಿ ಮಾಡಿ, ಪಡ್ಡಲಗಿ ಹಿಡಿದು ಬೇಡಿ ಸಾಕಿದಳು. ಆದರೆ ಈ ಭಾರ ಹೊರಿಸಿದವರು ಯಾರು? ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟೋಕೆ ನಮ್ಮ ಕೇರಿಯ ಹುಡುಗಿಯರೇ ಯಾಕೆ ಬೇಕಾಯ್ತು? ಗೌಡರ ಮನೆ ಹೆಣ್ಣುಮಕ್ಕಳು ಯಾಕೆ ಬೇಡವಾಯ್ತು? 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ 46,660 ಮಂದಿ ತಾಯಂದಿರನ್ನು ಲೆಕ್ಕಕ್ಕೆ ತಂದವು. ಅವರನ್ನು ಬಳಸಿಕೊಂಡ ಗಂಡಸರ ಲೆಕ್ಕ ಅದರಲ್ಲಿಲ್ಲ.

ಇನ್ನು ಪಾಪದ ಮಾತು. ಅವ್ವ ಪಾಪ ಮಾಡಿಲ್ಲ, ಅವಳಿಗೆ ಅನ್ಯಾಯ ಆಗಿದೆ. ಮಾಡದ ಪಾಪವನ್ನ ಮಗ ತೊಳೆಯೋದೇನು ಬಂತು? 1936ರ ಜೂನ್‌ನಲ್ಲಿ ಮುಂಬೈಯ ಸಭೆಯೊಂದರಲ್ಲಿ ಬಾಬಾಸಾಹೇಬರು ದೇವದಾಸಿ, ಜೋಗಿಣಿಯರಿಗೆ ಈ ಬಾಳು ಬಿಡಿ ಎಂದು ನೇರವಾಗಿ ಹೇಳಿದರು. ಬಿಡುವ ಧೈರ್ಯ ಎಷ್ಟೋ ತಾಯಂದಿರಿಗೆ ಬಂದದ್ದು ಮಕ್ಕಳ ಮುಖ ನೋಡಿ. ‘ತಲೇಲಿ ಜಟೆ ಕಟ್ಟಿದೆ, ದೇವಿ ಕರೀತಾಳೆ’ ಎಂದು ಹಿರಿಯರು ಹೆದರಿಸಿದಾಗ, ‘ನನಗಾದದ್ದು ಸಾಕು, ಮಗಳಿಗೆ ಕಟ್ಟಿಸೋದಿಲ್ಲ’ ಎಂದು ಅವಳು ಮಗಳನ್ನು ಶಾಲೆಗೆ ಕಳಿಸಿದಳಲ್ಲ, ಬಿಡುಗಡೆ ಅಂದರೆ ಅದು. ಅವಳನ್ನು ಬಿಡಿಸಿದೆವು ಎಂದು ನಾವು ಎದೆ ಉಬ್ಬಿಸೋದು ಬೇಡ. ನಮ್ಮನ್ನು ಬಿಡಿಸಿದವಳೇ ಅವಳು.

1982ರ ಕಾನೂನು ಮುತ್ತು ಕಟ್ಟೋದನ್ನ ಅಪರಾಧ ಅಂದಿತು. ಆದರೂ ಅರ್ಜಿಯಲ್ಲಿನ ‘ತಂದೆಯ ಹೆಸರು’ ಎಂಬ ಸಾಲು ಮಕ್ಕಳ ತಲೆ ತಗ್ಗಿಸುತ್ತಲೇ ಬಂತು. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಪಾಸು ಮಾಡಿದ ಮಸೂದೆ ಆ ಹೆಸರು ಕಡ್ಡಾಯವಲ್ಲ ಎಂದಿತು. ತಂದೆ ಯಾರೆಂದು ಗುರುತಿಸಿ ಕೊಡಿ ಎಂದು ಕೋರ್ಟಿಗೆ ಹೋಗುವ ಹಕ್ಕನ್ನೂ ಮಕ್ಕಳಿಗೆ ಕೊಟ್ಟಿತು. ಕಾಗದದ ಹಕ್ಕು ತಾನಾಗಿ ನಡೆಯೋದಿಲ್ಲ, ನಾವು ನಡೆಸಬೇಕು.

ಹಾಸ್ಟೆಲಿನಲ್ಲಿ ಯಾರಾದರೂ ಅಪ್ಪನ ಹೆಸರು ಕೇಳಿ ಒಬ್ಬ ಗೆಳೆಯನನ್ನ ಚುಚ್ಚಿದರೆ ನಾವು ಸುಮ್ಮನಿರಬಾರದು. ಅವನು ಅರ್ಜಿ ತುಂಬುವಾಗ ಪಕ್ಕ ಕೂರೋಣ. ಗುಮಾಸ್ತ ಗೊಣಗಿದರೆ ಎದ್ದು ಕೇಳೋಣ. ಅವ್ವನ ಹೆಸರನ್ನ ದೊಡ್ಡ ಅಕ್ಷರದಲ್ಲಿ ಬರೆಯೋಣ.

ಜೈ ಭೀಮ್.