ಬಾಡಿಗೆ ಮನೆಯ ಕಾಗದ ಎಲ್ಲಿದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆಯಿಂದ ಮನೆ ಕೆಲಸ ಮುಗಿಸಿ, ಬಸ್ಸು ಹಿಡಿದು ಬಂದಿದ್ದೀರಿ. ಮೊದಲು ಒಂದು ಪ್ರಶ್ನೆ ಕೇಳ್ತೇನೆ. ಬಾಡಿಗೆ ಮನೆಯಲ್ಲಿ ಇರುವವರು ಕೈ ಎತ್ತಿ. ಸರಿ. ಈಗ, ಬಾಡಿಗೆ ಕಟ್ಟಿದ್ದಕ್ಕೆ ರಸೀದಿ ಇರುವವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ. ನೋಡಿ, ಎಲ್ಲರ ಕೈಯೂ ಕೆಳಗೆ ಬಂತು!

ಹಾಸನದಲ್ಲಿ 2006ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಇಂಜಿನಿಯರಿಂಗ್ ಕಾಲೇಜುಗಳಿವೆ, ಗಾರ್ಮೆಂಟ್ಸ್ ಇವೆ. 2017ರಲ್ಲಿ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ರೈಲು ಬಂತು. ಒಳ್ಳೆಯದೇ. ಆದರೆ ನಾಲ್ಕು ಜನ ಹುಡುಗರು ಸೇರಿ ಒಂದು ಮನೆ ಹಿಡಿದರೆ ತಲೆಗೆ ಇಷ್ಟು ಅಂತ ಹಂಚಿಕೊಂಡು ಕೊಡ್ತಾರೆ. ಒಬ್ಬಳೇ ದುಡಿಯುವ ತಾಯಿಗೆ ಅವರ ಜೊತೆ ಪೈಪೋಟಿ ಮಾಡಕ್ಕಾಗತ್ತಾ?

ನನಗೆ ಗೊತ್ತಿರುವ ಒಂದು ಸಂಘದ ಸದಸ್ಯೆಯ ವಿಷಯ ಹೇಳ್ತೇನೆ, ಹೆಸರು ಬೇಡ. ಗಾರ್ಮೆಂಟ್ಸಿನಲ್ಲಿ ಕೈಗೆ ಬರುವುದು 10,500. ಬಾಡಿಗೆ 4,000. ಇಬ್ಬರು ಮಕ್ಕಳು. ಒಂದು ದಿನ ಮಾಲೀಕರು ಬಂದು, "ಮುಂದಿನ ತಿಂಗಳಿಂದ 5,500 ಕೊಡಿ, ಇಲ್ಲಾಂದ್ರೆ ಖಾಲಿ ಮಾಡಿ" ಅಂದರು. ಮೂರು ದಿನ ಬಿಟ್ಟು ನೀರು ನಿಲ್ಲಿಸಿದರು. ಈಕೆ ಹೆದರಿ ಬೇರೆ ಮನೆ ನೋಡಿದಳು. ಬಾಡಿಗೆ 5,000, ಮುಂಗಡ 30,000. ಸಂಘದಲ್ಲಿ ಸಾಲ ಕೇಳಿದಳು. ಪಾಪ ಅಂತ ಎಲ್ಲರೂ ಒಪ್ಪಿ ಸಹಿ ಹಾಕಲು ಕೂತಿದ್ದರು.

ಪುಸ್ತಕ ಬರೆಯುವ ಹುಡುಗಿ ಮಾತ್ರ ಲೆಕ್ಕ ಹಾಕಿದಳು. 20 ತಿಂಗಳ ಕಂತು, ಅಸಲು 1,500, ನೂರಕ್ಕೆ ಎರಡು ರೂಪಾಯಿಯಂತೆ ಮೊದಲ ತಿಂಗಳ ಬಡ್ಡಿ 600. ಅದಕ್ಕೆ ಬಾಡಿಗೆ 5,000 ಸೇರಿಸಿದರೆ 7,100. ಉಳಿಯುವುದು 3,400. ಗೃಹಲಕ್ಷ್ಮಿಯ 2,000 ಬಂದರೂ ಮೂರು ಜನ ಉಣ್ಣಬೇಕು, ಫೀಸು ಕಟ್ಟಬೇಕು. ಮೂರನೇ ಕಂತಿಗೇ ಆಕೆ ಸುಸ್ತಿದಾರಳಾಗ್ತಾಳೆ. ಆಮೇಲೆ ಅದೇ ಗೆಳತಿಯರು ಬಾಗಿಲಿಗೆ ಹೋಗಿ ಕೂರಬೇಕು. ಸಹಾಯ ಅಂತ ಕೊಟ್ಟದ್ದೇ ಜಗಳವಾಗತ್ತೆ.

ಹಾಗಾಗಿ ಸಾಲದ ಮಾತು ಬದಿಗಿಟ್ಟು ಮೊದಲು ಕಾನೂನು ಕೇಳಿದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ಲಿಖಿತ ನೋಟೀಸು ಕೊಡಬೇಕು. ನೋಟೀಸು ಕೊಟ್ಟ ಮೇಲೂ ನೀವು ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕೇ ಹೊರತು ಪಾತ್ರೆ ಹೊರಗೆ ಎಸೆಯುವಂತಿಲ್ಲ. ಬಾಡಿಗೆ ಸರಿಯಾಗಿ ಕಟ್ಟುವವರಿಗೆ ಅಡಚಣೆಯಿಲ್ಲದೆ ವಾಸ ಮಾಡುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಇದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ. ಕಡಿಮೆ ಬಾಡಿಗೆಯವರಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಇದೆ. ಆದರೆ ಪಟ್ಟಿ ಮಾಡಿದ ದೊಡ್ಡ ಊರುಗಳಲ್ಲಿ 3,500, ಉಳಿದ ಕಡೆ 2,000 ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಮನೆ ಎಲ್ಲಿ ಸಿಗತ್ತೆ ಹೇಳಿ!

ವಕೀಲರಿಗೆ ದುಡ್ಡು ಎಲ್ಲಿಂದ ಅಂತೀರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಇದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಸಾಕು. ಫೋನಿನಲ್ಲಿ ಕೇಳುವುದಾದರೆ 15100.

ಈಕೆಯೂ ಅಲ್ಲಿಗೇ ಹೋದಳು, ಸಂಘದ ನಾಲ್ವರು ಜೊತೆಗಿದ್ದರು. ಮಾಲೀಕರನ್ನು ಕರೆಸಿ ಮಾತಾಡಿಸಿದರು. ಅವರೇನೂ ಕೆಟ್ಟವರಲ್ಲ, ಮನೆ ಕಟ್ಟಿದ ಸಾಲದ ಕಂತು ಅವರ ತಲೆ ಮೇಲೂ ಇತ್ತು. 4,600ಕ್ಕೆ ಒಪ್ಪಂದವಾಯಿತು, 11 ತಿಂಗಳಿಗೆ ಕಾಗದ ಆಯಿತು, ನೀರು ಬಂತು. ಎಲ್ಲರಿಗೂ ಹೀಗೇ ಆಗತ್ತೆ ಅಂತ ನಾನು ಹೇಳಲ್ಲ. ಆಕೆ ಬಾಡಿಗೆಯನ್ನು ಫೋನಿನಿಂದ ಮಾಲೀಕರ ಖಾತೆಗೆ ಹಾಕುತ್ತಿದ್ದಳು, ಒಂದು ತಿಂಗಳೂ ತಪ್ಪಿಲ್ಲ ಅಂತ ತೋರಿಸಲು ಅದು ಇತ್ತು. ಕೈಗೆ ಕೊಡುವವರು ಚಿಕ್ಕ ಪುಸ್ತಕದಲ್ಲಾದರೂ ಪ್ರತಿ ತಿಂಗಳು ಸಹಿ ಹಾಕಿಸಿಕೊಳ್ಳಿ.

ಕಾಗದ ಇಲ್ಲದಿದ್ದರೆ ಏನಾಗತ್ತೆ? 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ಮನೆಗಳನ್ನು ಕೆಡವಿದರು. ಮೂಲ ಹಂಚಿಕೆದಾರರ ಪಟ್ಟಿಯಲ್ಲಿ ಹೆಸರಿಲ್ಲದ ಬಾಡಿಗೆದಾರರು ಲೆಕ್ಕಕ್ಕೇ ಬರಲಿಲ್ಲ.

ಇನ್ನು ಭೋಗ್ಯ. ಇದರ ಬಗ್ಗೆ ನನಗೆ ಹೆದರಿಕೆ ಜಾಸ್ತಿ. ಎರಡು ಮೂರು ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆಯೇ ಇಲ್ಲ ಅಂತ ಒಡವೆ ಅಡವಿಟ್ಟು, ಸಂಘದ ಸಾಲ ಸೇರಿಸಿ ಕೊಡ್ತಾರೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನ ಆಗಿದ್ದರೆ? ಸಾಲ ಕಟ್ಟದ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ವಶಕ್ಕೆ ತೆಗೆದುಕೊಳ್ಳಬಹುದು. ದುಡ್ಡು ಕೊಡುವ ಮೊದಲು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ, ಹತ್ತಿರದ ಬ್ಯಾಂಕುಗಳಲ್ಲೂ ವಿಚಾರಿಸಿ. ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಿ. ಖರ್ಚು ಬರತ್ತೆ, ನಿಜ. ಮೂರು ಲಕ್ಷದ ಮುಂದೆ ಆ ಖರ್ಚು ಏನೂ ಅಲ್ಲ.

ಮನೆ ಬದಲಾಯಿಸಿದವರಿಗೆ ಇನ್ನೊಂದು ಮಾತು. 2023ರಲ್ಲಿ ಶುರುವಾದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಳೇ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸ ಮನೆಗೆ ಜೋಡಿಸಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಕರಾರು ಪತ್ರ ತನ್ನಿ, ಇಲ್ಲದವರು ಬಾಡಿಗೆ ಬರೆದ ಚೀಟಿಯನ್ನಾದರೂ ತನ್ನಿ. ಒಂದೊಂದಾಗಿ ಕೂತು ಓದೋಣ. ಈಗ ಯಾರಿಗೆ ಏನು ಕೇಳಬೇಕೋ ಕೇಳಿ, ಅರಕಲಗೂಡಿನವರು ಬಸ್ಸಿಗೆ ಹೊರಡಬೇಕು, ಅವರೇ ಮೊದಲು.