ನಕ್ಷೆಗೆ ಮೊದಲು ನಿವೇಶನದ ಹವೆ



ಮಂಗಳೂರು, ಬೆಂಗಳೂರು ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಎರಡೂ ಊರುಗಳ ಮೇಲೆ ಸೂರ್ಯ ಹಾದುಹೋಗುವ ದಾರಿ ಒಂದೇ. ಆದರೂ ಒಂದೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಇನ್ನೊಂದಕ್ಕೆ ಸಾವಿರದ ಆಸುಪಾಸು. ಒಂದೂರಲ್ಲಿ ಏಪ್ರಿಲ್ ತಿಂಗಳ ರಾತ್ರಿ ಬೆವರು ಆರುವುದಿಲ್ಲ, ಇನ್ನೊಂದರಲ್ಲಿ ಕತ್ತಲಾದ ಮೇಲೆ ಕಿಟಕಿ ತೆರೆದರೆ ಜೀವಕ್ಕೆ ಹಿತವಾಗುತ್ತದೆ. ಕಡಲು, ಘಟ್ಟ, ಸುಮಾರು 900 ಮೀಟರ್ ಎತ್ತರ, ಈ ಮೂರು ಸೇರಿ ಮಾಡಿದ ವ್ಯತ್ಯಾಸ ಇದು. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣಿಯುತ್ತದೆ ಎಂಬುದು ಶಾಲೆಯ ಪಾಠ. ನೀರು, ಇಳಿಜಾರು, ಎತ್ತರ, ನೆಲದ ಬಣ್ಣ, ಗಿಡಮರ ಇವು ಜಿಲ್ಲೆಯ ಮಟ್ಟದಲ್ಲಿ ಇಷ್ಟು ಕೆಲಸ ಮಾಡುತ್ತವೆಂದು ಒಪ್ಪುವ ನಾವು, ಎರಡು ಎಕರೆ ಗುಡ್ಡದ ಓರೆಯಲ್ಲಿ, ಕೆರೆಯ ದಂಡೆಯಲ್ಲಿ, ಒಂದು ಸಾಲುಮರದ ಬೀದಿಯಲ್ಲಿ ಅವು ಮಾಡುವ ಕೆಲಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಸಂಕಿರಣದ ಮುಂದೆ ನಾನಿಡುವ ವಾದ ಇಷ್ಟೇ: ವಾಯುಗುಣ ವಲಯದ ಹೆಸರು ಹಿಡಿದು ಕಟ್ಟಡ ರೂಪಿಸಲಾಗದು. ನಿವೇಶನದ ಸೂಕ್ಷ್ಮ ವಾಯುಗುಣವನ್ನು ಓದಿ, ಆದಷ್ಟು ಅಳೆದು, ಬರೆದಿಟ್ಟ ಮೇಲೆಯೇ ನಕ್ಷೆಯ ಮೊದಲ ಗೆರೆ ಎಳೆಯಬೇಕು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶವನ್ನು ಐದು ವಾಯುಗುಣ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ, ಮಂಗಳೂರು ಬಿಸಿ ಮತ್ತು ತೇವದ ವಲಯ. ಗಾಜಿನ ಪ್ರಮಾಣ, ಗೋಡೆಯ ಶಾಖ ತಡೆ ಇವಕ್ಕೆ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಬರೆಯಲು ಇಂಥ ವಿಂಗಡಣೆ ಬೇಕೇ ಬೇಕು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅದರ ಹಿಂದಿರುವ ಅಂಕಿಗಳು ಎಲ್ಲಿಂದ ಬರುತ್ತವೆ ನೋಡಿ. ಹವಾಮಾನ ಕೇಂದ್ರದ ಉಷ್ಣಮಾಪಕ ಬಯಲಿನಲ್ಲಿ, ನೆಲದಿಂದ ಆಳೆತ್ತರದೊಳಗೆ, ಬಿಸಿಲು ಬೀಳದಂತೆ ಬಿಳಿ ಬಣ್ಣದ ಪಟ್ಟಿಗಳ ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಗೋಡೆ, ಮರ, ಇಳಿಜಾರು, ಡಾಂಬರು ಯಾವುದರ ಪ್ರಭಾವವೂ ತಾಗಬಾರದೆಂದೇ ಅದನ್ನು ಹಾಗೆ ಇಡುತ್ತಾರೆ. ಊರಿಗೂ ಊರಿಗೂ ಹೋಲಿಸಲು ಅದು ಸರಿಯಾದ ಕ್ರಮ. ಆದರೆ ಕಟ್ಟಡ ನಿಲ್ಲುವುದು ಆ ಪೆಟ್ಟಿಗೆಯಿಂದ ದೂರವಿಟ್ಟ ವಸ್ತುಗಳ ನಡುವೆಯೇ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. ಅದು ಪೆಟ್ಟಿಗೆಯೊಳಗಿನ ಗಾಳಿಯ ಬಿಸಿ. ಅದೇ ಮಧ್ಯಾಹ್ನ ತಾರಸಿಯ ಕೆಳಗಿನ ಕೋಣೆ, ಹೊಂಗೆಯ ನೆರಳು, ಬಸ್ ನಿಲ್ದಾಣದ ಡಾಂಬರು ಒಂದೊಂದೂ ತನ್ನದೇ ಹವೆಯಲ್ಲಿದ್ದವು. ಬೆಂಗಳೂರಿನ ಬೀದಿ ಮರಗಳನ್ನು ಕುರಿತು ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಯಲ್ಲೇ ತೋರಿಸಿದೆ. ಮರವಿಲ್ಲದ ರಸ್ತೆಗೆ ಹೋಲಿಸಿದರೆ ಮರಗಳಿದ್ದ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೂ, ಡಾಂಬರಿನ ಮೈ 27.5 ಡಿಗ್ರಿಯವರೆಗೂ ತಂಪಾಗಿತ್ತು. ಒಂದೇ ವಲಯ, ಒಂದೇ ಊರು, ಒಂದೇ ಹೊತ್ತು.

ಕರಾವಳಿಯ ನೆಲವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಅಲ್ಲಿ ಕೆಲವೇ ನೂರು ಅಡಿಗಳಲ್ಲಿ ಹವೆ ಬದಲಾಗುತ್ತದೆ. ಮೇಲೆ ಮುರಕಲ್ಲಿನ ಪದವು, ಕೆಳಗೆ ಗದ್ದೆ ಮತ್ತು ಕಂಗಿನ ತೋಟದ ಬೈಲು, ನಡುವೆ ಓರೆ. ಪದವಿನಲ್ಲಿ ಮಣ್ಣಿನ ಪದರ ತೆಳು, ಮರ ವಿರಳ. ಬೇಸಗೆಯಲ್ಲಿ ಕಲ್ಲು ಕಾದು ಸಂಜೆಯಾದರೂ ಬಿಸಿ ಉಗುಳುತ್ತದೆ. ಆದರೆ ಕಡಲ ಗಾಳಿಗೆ ಅಲ್ಲಿ ಅಡ್ಡಿಯಿಲ್ಲ. ಬೈಲಿನಲ್ಲಿ ನೆರಳಿದೆ, ನೀರಿದೆ, ಗಾಳಿಯಿಲ್ಲ. ತೇವ ಗಾಳಿ ಅಲ್ಲೇ ನಿಂತು ಗೋಡೆ ಬೂಷ್ಟು ಹಿಡಿಯುತ್ತದೆ. ಗುಡ್ಡದ ಪೂರ್ವದ ಮಗ್ಗುಲಿನ ಮನೆಗೆ ಕಡಲ ಗಾಳಿ ತಲೆಯ ಮೇಲಿಂದಲೇ ಹಾರಿಹೋಗುತ್ತದೆ, ಪಶ್ಚಿಮದ ಮಗ್ಗುಲಿನ ಮನೆಗೆ ಅದೇ ಗಾಳಿ ನೇರ ಚಾವಡಿಗೆ ನುಗ್ಗುತ್ತದೆ. ಜೂನ್ ಬಂದಾಗ ಲೆಕ್ಕ ತಿರುಗುಮುರುಗಾಗುತ್ತದೆ: ಬೇಸಗೆಯಲ್ಲಿ ಗಾಳಿ ಪಡೆದ ಗೋಡೆಗೇ ಎರಚಲು ಹೊಡೆಯುತ್ತದೆ. ಹಳೆಯ ಮನೆಗಳು ಬಹುಮಟ್ಟಿಗೆ ಗದ್ದೆಯಂಚಿನ ಓರೆಯಲ್ಲಿ, ಬೈಲಿನ ತೇವದಿಂದ ಕೊಂಚ ಮೇಲೆ, ಪದವಿನ ಕಾವಿನಿಂದ ಕೊಂಚ ಕೆಳಗೆ ನಿಂತಿರುವುದು ಆಕಸ್ಮಿಕವಲ್ಲ. ಮಳೆಗಾಲ ಬರುವ ಮೊದಲು ಪಶ್ಚಿಮದ ಗೋಡೆಗೆ ಹೆಣೆದ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಳೆ ಮುಗಿದೊಡನೆ ಬಿಚ್ಚುತ್ತಿದ್ದರು. ಒಂದೇ ಗೋಡೆ ಎರಡು ಋತುಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳಬೇಕೆಂಬ ತಿಳಿವಳಿಕೆ ಆ ತಟ್ಟಿಯಲ್ಲಿತ್ತು. ಇಂದು ಗುಡ್ಡವನ್ನು ಜೆಸಿಬಿಯಿಂದ ಸಪಾಟು ಮಾಡಿ, ಹಿಂದೆ ಕಡಿದಾದ ಬರೆ ನಿಲ್ಲಿಸಿ, ಅದರ ಬುಡದಲ್ಲಿ ಮನೆ ಕಟ್ಟುತ್ತೇವೆ. ಹಿಂದಿನ ಕೋಣೆಗಳಿಗೆ ಗಾಳಿ ಸತ್ತುಹೋಗುತ್ತದೆ, ಗೋಡೆ ಒಸರುತ್ತದೆ, ಜುಲೈಯಲ್ಲಿ ಬರೆ ಜರಿಯುವ ಭಯ ಬೇರೆ.

ಬೆಂಗಳೂರು ಚಪ್ಪಟೆ ಊರೆಂದು ತೋರುತ್ತದೆ, ಅಲ್ಲ. ನಡುವಿನ ದಿಣ್ಣೆಯಿಂದ ಒಂದು ಕಡೆಯ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ, ಇನ್ನೊಂದು ಕಡೆಯದು ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನೀರು ಹರಿಯುವ ದಾರಿಯಲ್ಲೇ ತಣ್ಣನೆಯ ಗಾಳಿಯೂ ಹರಿಯುತ್ತದೆಂಬುದನ್ನು ನಾವು ಯೋಚಿಸಿದ್ದು ಕಡಿಮೆ. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು ಭಾರವಾಗಿ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ಅದಕ್ಕೆ ಅಡ್ಡವಾಗಿ ಉದ್ದನೆಯ ಅಪಾರ್ಟ್‌ಮೆಂಟ್ ಸಾಲು ಅಥವಾ ಕಿಂಡಿಯಿಲ್ಲದ ಕಾಂಪೌಂಡ್ ಎಬ್ಬಿಸಿದರೆ ಆ ಹರಿವು ಅಲ್ಲಿಗೇ ನಿಲ್ಲುತ್ತದೆ, ಕೆಳಗಿನ ಬಡಾವಣೆಗೆ ಬೇಸಗೆಯ ರಾತ್ರಿ ಸಿಗಬೇಕಾಗಿದ್ದ ತಂಪು ತಪ್ಪುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ಇದನ್ನು ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡಿತು. ಗುಡ್ಡಗಳ ನಡುವೆ ಬೋಗುಣಿಯಲ್ಲಿ ಕುಳಿತ ಆ ನಗರದ ಆಡಳಿತದಲ್ಲಿ 1938ರಿಂದ ವಾಯುಗುಣ ತಜ್ಞರಿದ್ದಾರೆ; ಗುಡ್ಡದಿಂದ ತಂಪು ಗಾಳಿ ಇಳಿಯುವ ಪಟ್ಟಿಗಳನ್ನು ಕಟ್ಟಡಗಳಿಂದ ಮುಕ್ತವಾಗಿಡುವುದು ಅಲ್ಲಿನ ಯೋಜನೆಯ ಭಾಗ. ಬೆಂಗಳೂರಿನ ಇಳಿಜಾರು ಅಷ್ಟು ಕಡಿದಲ್ಲ, ಇಲ್ಲಿ ಗಾಳಿಯೂ ಹೆಚ್ಚು, ಹಾಗಾಗಿ ಅವರ ನಿಯಮವನ್ನು ಹಾಗೆಯೇ ತಂದು ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ರಾಜಕಾಲುವೆಗಳ ಪಾತ್ರ ಉಳಿಸಿಕೊಳ್ಳಲು ಪ್ರವಾಹದ ಜೊತೆಗೆ ಇನ್ನೊಂದು ಕಾರಣ ನಮಗಿದೆ.

ಕೆರೆಯ ವಿಷಯದಲ್ಲಿ ನಮಗೆ ಇನ್ನಷ್ಟು ಎಚ್ಚರ ಬೇಕು. ಕೆರೆಯ ಪಕ್ಕದ ಮನೆ ತಂಪು ಎಂಬುದು ಅರ್ಧ ಸತ್ಯ. ಹಗಲಲ್ಲಿ ನೀರು ಆವಿಯಾಗುತ್ತ ಮೇಲೆ ಹಾಯುವ ಗಾಳಿಯನ್ನು ತಣಿಸುತ್ತದೆ, ಜೊತೆಗೆ ತೇವವನ್ನೂ ಕೂಡಿಸುತ್ತದೆ. ರಾತ್ರಿ ಅದೇ ನೀರು ಸುತ್ತಲ ನೆಲಕ್ಕಿಂತ ಬೆಚ್ಚಗಿರುತ್ತದೆ. ತಂಪು ಯಾರಿಗೆ ಸಿಗುತ್ತದೆಂಬುದನ್ನು ಗಾಳಿಯ ದಿಕ್ಕು ನಿರ್ಧರಿಸುತ್ತದೆ. ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದ ಕಡೆಯದು, ಚಳಿಗಾಲದಲ್ಲಿ ಪೂರ್ವದ ಕಡೆಯದು. ಅಂದರೆ ಕೆರೆಯ ಪೂರ್ವ ದಂಡೆಯ ಮನೆಗೆ ನೀರಿನ ಮೇಲಿಂದ ಬರುವ ಗಾಳಿ ಹೆಚ್ಚು ಸಿಗುವುದು ತಂಪಿನ ಅಗತ್ಯವೇ ಇಲ್ಲದ ಮಳೆಗಾಲದಲ್ಲಿ. ಬೇಕಾದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗಾಳಿ ಎತ್ತಣಿಂದ ಬರುತ್ತದೆಂಬುದನ್ನು ಆ ದಂಡೆಯ ಮೇಲೆಯೇ ಅಳೆದು ತಿಳಿಯಬೇಕು.

ಸೂರ್ಯನ ವಿಷಯದಲ್ಲಿ ಊಹೆಗೆ ಅವಕಾಶವೇ ಇಲ್ಲ, ಲೆಕ್ಕ ಖಚಿತ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಉತ್ತರದ ಗೋಡೆಗೆ ಬಿಸಿಲೇ ಬೀಳದೆಂಬ, ಯುರೋಪಿನ ಪಠ್ಯಪುಸ್ತಕದಿಂದ ಬಂದ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಡಿಸೆಂಬರ್ 21ರ ನಡುಹಗಲು ಅವನು ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಗೆ ಚಜ್ಜಾ ಸಾಕು. ಪಶ್ಚಿಮದ ಗೋಡೆಗೆ ಮಾತ್ರ ಚಜ್ಜಾ ಸಾಲದು, ಅಲ್ಲಿ ಬಿಸಿಲು ಅಡ್ಡಲಾಗಿ ಹೊಡೆಯುತ್ತದೆ. ಆದರೆ ಪಶ್ಚಿಮಕ್ಕೊಂದು ಗುಡ್ಡವೋ ಎತ್ತರದ ಮರಸಾಲೋ ಇದ್ದರೆ ಅದೇ ಗೋಡೆ ನಾಲ್ಕು ಗಂಟೆಗೇ ನೆರಳಿಗೆ ಬರಬಹುದು. ಈ ಒಂದು ಸಂಗತಿಯನ್ನು ಯಾವ ವಲಯ ನಕ್ಷೆಯೂ ಹೇಳದು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಆಟೊ ಕೋನಿಗ್ಸ್‌ಬರ್ಗರ್ ಇದೇ ಬಿಸಿಲು ಮಳೆಗಳ ನಡುವೆ ಕೆಲಸ ಮಾಡಿದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ಮೂವರು ಸಹಲೇಖಕರೊಡನೆ 1974ರಲ್ಲಿ ಅವರು ಹೊರತಂದ ಉಷ್ಣವಲಯದ ಕಟ್ಟಡಗಳ ಕೈಪಿಡಿಯಲ್ಲಿ ನಿವೇಶನದ ಹವೆಗೆ ಪ್ರತ್ಯೇಕ ಭಾಗವೇ ಇದೆ. ಈ ನೆಲಕ್ಕೆ ನಂಟಿರುವ ಆ ತಿಳಿವಳಿಕೆ ನಮ್ಮ ದೈನಂದಿನ ಕೆಲಸದಲ್ಲಿ ಏಕೆ ಬೇರೂರಲಿಲ್ಲ ಎಂದು ನಾವು ಕೇಳಿಕೊಳ್ಳಲೇಬೇಕು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ, ಅವು ಹಗುರವಾದವಲ್ಲ. ಮೊದಲನೆಯದು: ಎ.ಸಿ. ಇರುವಾಗ ಇದೆಲ್ಲ ಏಕೆ? ಸಾಮಾನ್ಯ ಎ.ಸಿ. ಒಂದು ಯೂನಿಟ್ ವಿದ್ಯುತ್ತಿಗೆ ಕೋಣೆಯಿಂದ ಸುಮಾರು ಮೂರು ಯೂನಿಟ್ ಶಾಖ ಹೊರತೆಗೆದು, ತನ್ನದನ್ನೂ ಸೇರಿಸಿ ನಾಲ್ಕು ಯೂನಿಟ್ ಶಾಖವನ್ನು ಹೊರಗೆ ಸುರಿಯುತ್ತದೆ. ಮೂರಡಿ ಸೆಟ್‌ಬ್ಯಾಕಿನಲ್ಲಿ ಆ ಶಾಖ ಹೋಗುವುದು ಪಕ್ಕದ ಮನೆಯ ಕಿಟಕಿಗೆ. ಅವರೂ ಕಿಟಕಿ ಮುಚ್ಚಿ ಎ.ಸಿ. ಹಾಕಿಸುತ್ತಾರೆ. ಹಾಕಿಸಿಕೊಳ್ಳಲಾಗದವರು ಆ ಬಿಸಿಯನ್ನು ಹಾಗೆಯೇ ಅನುಭವಿಸುತ್ತಾರೆ. ನಿವೇಶನದ ಹವೆ ಮಾಲೀಕನೊಬ್ಬನ ಖಾಸಗಿ ವಿಷಯವಲ್ಲ, ನನ್ನ ಪಾಲಿಗೆ ಇದು ನ್ಯಾಯದ ಪ್ರಶ್ನೆ.

ಎರಡನೆಯದು ವಾಸ್ತು. ನೈಋತ್ಯ ಎತ್ತರವಾಗಿ ಭಾರವಾಗಿರಲಿ, ಈಶಾನ್ಯ ತಗ್ಗಾಗಿ ತೆರೆದಿರಲಿ ಎಂಬ ನಿಯಮ ಬಯಲುಸೀಮೆಯಲ್ಲಿ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ; ಅಲ್ಲಿ ಮನೆಯವರ ನಂಬಿಕೆಯೂ ವಿನ್ಯಾಸಕಾರರ ಲೆಕ್ಕವೂ ಕೂಡಿಬರುತ್ತವೆ. ಕರಾವಳಿಯಲ್ಲಿ ಅದೇ ನಿಯಮ ಕಡಲ ಗಾಳಿಗೆ ಬಾಗಿಲು ಹಾಕಬಹುದು. ಮನೆಯವರ ನಂಬಿಕೆಯನ್ನು ಕಡೆಗಣಿಸದೆ, ಭಾರವಾದ ಮೂಲೆಯನ್ನು ಉಳಿಸಿಕೊಂಡೇ ಪಶ್ಚಿಮದ ಗಾಳಿಗೆ ಎಲ್ಲಿ ಕಿಂಡಿ ಬಿಡಬಹುದೆಂದು ತೋರಿಸಿಕೊಡುವುದು ವಿನ್ಯಾಸಕಾರರ ಕೆಲಸ.

ಮೂರನೆಯದು ಸಮಯ. ವರ್ಷವಿಡೀ ಅಳೆಯುತ್ತ ಕೂರಲು ಯಾವ ಮಾಲೀಕನೂ ಕಾಯುವುದಿಲ್ಲ, ನಿಜ. ಆದರೆ ಸೂರ್ಯನನ್ನು ಅಳೆಯಬೇಕಾಗಿಲ್ಲ, ಲೆಕ್ಕ ಹಾಕಿದರಾಯಿತು. ಋತುಗಾಳಿಯ ಸ್ಥೂಲ ದಿಕ್ಕು ಗೊತ್ತಿದೆ. ಕೆಲವು ವಾರ ಎರಡು ಮೂರು ಡೇಟಾ ಲಾಗರ್ ಇಟ್ಟು ಹತ್ತಿರದ ಹವಾಮಾನ ಕೇಂದ್ರದ ಅಂಕಿಯೊಡನೆ ಹೋಲಿಸಿದರೆ ನಿವೇಶನ ಎತ್ತ ವಾಲುತ್ತದೆಂದು ತಿಳಿಯುತ್ತದೆ. ಜೊತೆಗೆ ಸ್ಥಳವೇ ಬರೆದಿಟ್ಟ ಗುರುತುಗಳಿವೆ: ನೆರೆಮನೆಯ ಯಾವ ಗೋಡೆಯಲ್ಲಿ ಪಾಚಿ ಕಟ್ಟಿದೆ, ಎರಚಲಿನ ಕಲೆ ಗಾರೆಯ ಮೇಲೆ ಎಷ್ಟು ಎತ್ತರದವರೆಗಿದೆ, ಯಾವ ಬದಿಯ ಬಣ್ಣ ಬೇಗ ಸುಲಿದಿದೆ, ಒಂಟಿ ಮರ ಎತ್ತ ಬಾಗಿದೆ. ಇವನ್ನು ನೋಡಲು ಅರ್ಧ ದಿನ ಸಾಕು.

ನಾಲ್ಕನೆಯ ಆಕ್ಷೇಪವೇ ಗಟ್ಟಿಯಾದುದು: ಇಂದಿನ ನೆರಳು ನಾಳೆ ಇರುತ್ತದೆಂಬ ಖಾತರಿ ಏನು? ಪಕ್ಕದ ಮರ ಕಡಿಯುತ್ತಾರೆ, ಖಾಲಿ ನಿವೇಶನದಲ್ಲಿ ನಾಲ್ಕಂತಸ್ತು ಏಳುತ್ತದೆ. ಅದಕ್ಕೇ ನಿವೇಶನದ ಗುಣಗಳನ್ನು ಎರಡಾಗಿ ವಿಂಗಡಿಸಬೇಕು. ಅಕ್ಷಾಂಶ, ಇಳಿಜಾರು, ಋತುಗಾಳಿ, ದೊಡ್ಡ ಗುಡ್ಡ ಇವು ಶಾಶ್ವತ. ಕೋಣೆಗಳ ಜೋಡಣೆ ಇವುಗಳ ಮೇಲೆ ನಿಲ್ಲಲಿ. ನೆರೆಯ ಮರ, ನೆರೆಯ ಖಾಲಿ ಜಾಗ ಎರವಲು. ಅವುಗಳ ಲಾಭ ಪಡೆಯೋಣ, ಆದರೆ ಅವು ಇಲ್ಲವಾದ ದಿನ ಕೋಣೆ ಕುಲುಮೆಯಾಗದಂತೆ ನಮ್ಮದೇ ಗೋಡೆ, ಜಾಲಿ, ಗಿಡಗಳನ್ನು ಸಿದ್ಧವಿಡೋಣ.

ಉಳಿದದ್ದು 30×40 ನಿವೇಶನದ ಪ್ರಶ್ನೆ. ರಸ್ತೆ ಯಾವ ಕಡೆಯೋ ಮನೆಯ ಮುಖ ಆ ಕಡೆ, ನಮ್ಮ ಕೈಯಲ್ಲೇನಿದೆ ಎನ್ನುತ್ತಾರೆ. ಮೆಟ್ಟಿಲು, ಸ್ನಾನದ ಮನೆ, ವಾರ್ಡ್‌ರೋಬುಗಳನ್ನು ಪಶ್ಚಿಮಕ್ಕೆ ಸರಿಸಿ ಮಲಗುವ ಕೋಣೆ ಉಳಿಸಿಕೊಳ್ಳುವಷ್ಟು ಸ್ವಾತಂತ್ರ್ಯವಂತೂ ಇದೆ. ಆದರೆ ಅಲ್ಲಿನ ದೊಡ್ಡ ತೀರ್ಮಾನ ನಿಜವಾಗಿಯೂ ಮನೆಯವರದಲ್ಲ, ಬಡಾವಣೆಯ ನಕ್ಷೆ ಬರೆದವರದು. ರಸ್ತೆ ಪೂರ್ವ-ಪಶ್ಚಿಮವಾಗಿ ಸಾಗಿದರೆ ಮನೆಗಳ ತೆರೆದ ಮುಖಗಳು ಉತ್ತರ, ದಕ್ಷಿಣಕ್ಕೆ ಬಂದು ಚಜ್ಜಾದಿಂದಲೇ ನೆರಳು ಪಡೆಯುತ್ತವೆ; ಪೂರ್ವ, ಪಶ್ಚಿಮದ ಉದ್ದನೆಯ ಗೋಡೆಗಳಿಗೆ ಅಕ್ಕಪಕ್ಕದ ಮನೆಗಳೇ ನೆರಳಾಗುತ್ತವೆ. ರಸ್ತೆ ಉತ್ತರ-ದಕ್ಷಿಣವಾದರೆ ಅರ್ಧದಷ್ಟು ಮನೆಗಳ ಮುಂಭಾಗ ಏಪ್ರಿಲ್‌ನ ಇಳಿಬಿಸಿಲಿಗೆ ಪೂರ್ತಿ ತೆರೆದುಕೊಳ್ಳುತ್ತದೆ. ಇಳಿಜಾರು ಬೇರೆ ದಿಕ್ಕು ಬೇಡಿದಾಗ ನೀರಿನ ಹರಿವು, ಬಿಸಿಲು ಎರಡರ ನಡುವೆ ಆಯ್ಕೆ ಮಾಡಬೇಕಾಗುತ್ತದೆ, ಅದು ಕಷ್ಟದ ಕೆಲಸ. ಇಂದು ಬಡಾವಣೆಗಳಿಗೆ ಅನುಮೋದನೆ ಕೊಡುವಾಗ ರಸ್ತೆಯ ಅಗಲ ಕೇಳುತ್ತೇವೆ, ಉದ್ಯಾನದ ಪಾಲು ಕೇಳುತ್ತೇವೆ, ದಿಕ್ಕಿಗೆ ಕಾರಣ ಕೇಳುವುದಿಲ್ಲ. ಈ ಎರಡು ದಿನಗಳ ಗೋಷ್ಠಿಗಳಲ್ಲಿ ಒಂದನ್ನಾದರೂ ಬಡಾವಣೆಯ ಮಟ್ಟದ ಈ ಪ್ರಶ್ನೆಗೆ ಮೀಸಲಿಡಿ. ಪ್ರತಿ ಬಡಾವಣೆ ನಕ್ಷೆಯ ಜೊತೆ ಇಳಿಜಾರು, ಋತುಗಾಳಿ, ಉಳಿಸಿಕೊಳ್ಳುವ ಮರಗಳು, ರಸ್ತೆಯ ದಿಕ್ಕಿಗೆ ಕಾರಣ ಇಷ್ಟನ್ನು ಹೇಳುವ ಒಂದು ಪುಟ ಹೇಗಿರಬೇಕೆಂದು ಕರಡು ಬರೆದು, ಅನುಮೋದನೆ ನೀಡುವ ಪ್ರಾಧಿಕಾರಗಳಿಗೆ ಇಲ್ಲಿಂದಲೇ ಕಳುಹಿಸಿಕೊಡಿ.