ನವೆಂಬರ್ ಒಂದು: ಸಂತರ ದಿನ, ನಾಡಿನ ದಿನ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಪ್ರತಿವರ್ಷ ನವೆಂಬರ್ 1ರ ಮುಂಜಾನೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಅವಸರ ಏಳುವುದನ್ನು ತಾವೆಲ್ಲರೂ ಬಲ್ಲಿರಿ. ಸಕಲ ಸಂತರ ಮಹೋತ್ಸವದ ಬಲಿಪೂಜೆಗೆ ಹೋಗಬೇಕು. ರಾಜ್ಯೋತ್ಸವದ ಧ್ವಜವಂದನೆಗೆ ಮಕ್ಕಳನ್ನು ಶಾಲೆಗೂ ಕಳುಹಿಸಬೇಕು. ಯಾವುದು ಮೊದಲು ಎಂಬ ಚರ್ಚೆ ಒಲೆಯ ಮುಂದೆಯೇ ನಡೆಯುತ್ತದೆ. ಈ ಒಂದೇ ತಾರೀಖಿನಲ್ಲಿ ಚರಿತ್ರೆ ಏನೇನನ್ನು ತಂದಿರಿಸಿದೆ ಎಂಬುದನ್ನು ನಮ್ಮ ಸೀಮೆಯಲ್ಲಿ ನಿಂತು ನೋಡುವುದು ನನ್ನ ಉದ್ದೇಶ.

ಎಂಟನೆಯ ಶತಮಾನದಲ್ಲಿ ಜಗದ್ಗುರು ಮೂರನೆಯ ಗ್ರೆಗೋರಿಯವರು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರ ಹೆಸರಿನಲ್ಲಿ ಒಂದು ಪ್ರಾರ್ಥನಾಲಯವನ್ನು ಪ್ರತಿಷ್ಠಿಸಿದರು. ಹಬ್ಬ ಈ ದಿನಕ್ಕೆ ನೆಲೆಗೊಂಡದ್ದು ಆ ಕಾಲದಿಂದೀಚೆಗೆ. ಆದರೆ ಹಬ್ಬದ ದಿನವೆಂದು ವಿಪತ್ತು ದೂರ ಸರಿದು ನಿಲ್ಲುವುದಿಲ್ಲ. 1755ರ ನವೆಂಬರ್ 1, ಶನಿವಾರ. ಗೋವೆಯ ಧರ್ಮಸಭೆಗೆ ರಾಜಾಶ್ರಯವಿತ್ತ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ದೇವಾಲಯಗಳು ಜನರಿಂದ ತುಂಬಿದ್ದವು. ಬೆಳಗಿನ ಹತ್ತು ಗಂಟೆಗೆ ಮುನ್ನವೇ ಭೂಮಿ ನಡುಗಿತು. ಕಲ್ಲಿನ ಕಮಾನುಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು. ಬಲಿಪೀಠದ ಮೇಣದಬತ್ತಿಗಳೂ ಒಲೆಗಳೂ ಉರುಳಿ ಬೆಂಕಿ ಎದ್ದಿತು. ಪ್ರಾಣ ಉಳಿಸಿಕೊಳ್ಳಲು ನದೀತೀರಕ್ಕೆ ಓಡಿದವರನ್ನು ಸಮುದ್ರದ ಅಲೆ ನುಂಗಿತು. ಸತ್ತವರ ಸಂಖ್ಯೆ ಹತ್ತಾರು ಸಾವಿರ. ಸಂತರ ದಿನವೇ ಹೀಗೇಕಾಯಿತು ಎಂಬ ಪ್ರಶ್ನೆಯನ್ನು ಯುರೋಪಿನ ಪಂಡಿತರು ವರ್ಷಗಟ್ಟಲೆ ಕೇಳಿದರು. ಉತ್ತರ ಸಿಕ್ಕಿತೆಂದು ಹೇಳುವ ಧೈರ್ಯ ನನಗಿಲ್ಲ.

ನಮ್ಮ ಕಡೆಗೆ ಬರೋಣ. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದನು. ಕಂಪನಿಯ ಆಡಳಿತ ಮುಗಿಯಿತು. ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದೂ, ಬಂಡೆದ್ದವರಲ್ಲಿ ಶಸ್ತ್ರ ಕೆಳಗಿಟ್ಟವರಿಗೆ ಕ್ಷಮೆಯುಂಟೆಂದೂ, ನಾಯಕರಾದವರಿಗೆ ಜೀವದಾನವಷ್ಟೇ ಎಂದೂ ಆ ಘೋಷಣೆ ಸಾರಿತು. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಮುಂಡರಗಿಯ ಭೀಮರಾಯನು ಹಮ್ಮಿಗೆಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಹೋರಾಡಿ ಮಡಿದಿದ್ದನು. ಕ್ಷಮೆ ಐದು ತಿಂಗಳು ತಡವಾಗಿ ಬಂದಿತು. ಬಂದಿದ್ದರೂ ಅವನು ಕೈಚಾಚಿ ಪಡೆಯುತ್ತಿದ್ದನೇ ಎಂಬುದು ಬೇರೆ ಮಾತು.

1950ರ ಇದೇ ದಿನ ಜಗದ್ಗುರು ಹನ್ನೆರಡನೆಯ ಪಿಯುಸರು ರೋಮಿನಲ್ಲಿ ಮರಿಯ ಮಾತೆಯ ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಸಾರಿದರು. ಅದರ ಹಬ್ಬ ಆಗಸ್ಟ್ 15. ಆ ತಾರೀಖಿನ ಹೆಸರೆತ್ತಿದರೆ ನಮ್ಮ ಹಿರಿಯರಿಗೆ ಇನ್ನೊಂದು ನೆನಪು ಬರುತ್ತಿತ್ತು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮನ ಆಳ್ವಿಕೆಯಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಬರಲಿಲ್ಲ. ಅಳವಂಡಿಯ ಶಿವಮೂರ್ತಿಸ್ವಾಮಿಗಳಂಥವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಬೇಕಾಯಿತು. ಬಿಡುಗಡೆ 1948ರ ಸೆಪ್ಟೆಂಬರ್ 17ರಂದು. ಆಮೇಲೂ ಎಂಟು ವರ್ಷ ನಾವು ಹೈದರಾಬಾದ್ ರಾಜ್ಯದವರೇ ಆಗಿದ್ದೆವು.

1956ರ ನವೆಂಬರ್ 1, ಗುರುವಾರ. ಅಂದು ಗದ್ವಾಲ್ ಮತ್ತು ಅಲಂಪುರಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ, ಅದರೊಳಗೆ ನಮ್ಮ ನಾಲ್ಕು ತಾಲ್ಲೂಕುಗಳು, ಮೈಸೂರು ರಾಜ್ಯವನ್ನು ಸೇರಿದವು. ಗಂಗಾವತಿಯ ರೈತರಿಗೆ ಇದರ ಅರ್ಥ ನಕಾಶೆಯಲ್ಲಲ್ಲ, ನದಿಯಲ್ಲಿಯೇ ಕಂಡಿತು. ತುಂಗಭದ್ರೆಯ ಅಣೆಕಟ್ಟನ್ನು ಕಟ್ಟುವಾಗ ಮುನಿರಾಬಾದಿನ ಎಡದಂಡೆ ಹೈದರಾಬಾದಿನದು, ಹೊಸಪೇಟೆಯ ಬಲದಂಡೆ ಮದ್ರಾಸಿನದು. 1953ರಲ್ಲಿ ಬಲದಂಡೆ ಮೈಸೂರಿಗೆ ಬಂದಿತು. 1956ರ ಈ ದಿನ ಎಡದಂಡೆಯೂ ಬಂದಿತು. ಎದುರುಬದುರಾಗಿ ಬೇರೆಬೇರೆ ಸರ್ಕಾರಗಳನ್ನು ನೋಡುತ್ತಿದ್ದ ಎರಡು ದಂಡೆಗಳು ಒಂದೇ ರಾಜ್ಯದವಾದವು. 1973ರ ಇದೇ ದಿನ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು.

ಅದೇ ಗುರುವಾರ ಕಾಸರಗೋಡಿನ ಕನ್ನಡಿಗರು ಕೇರಳಕ್ಕೆ ಸೇರಿದರೆಂಬುದನ್ನೂ ಇಲ್ಲಿ ಮರೆಯದೆ ಹೇಳಬೇಕು. ಒಂದೇ ಕಾಯಿದೆ ನಮ್ಮನ್ನು ಮನೆಗೆ ಕರೆತಂದಿತು, ಅವರನ್ನು ಹೊಸ್ತಿಲಾಚೆ ನಿಲ್ಲಿಸಿತು.

ಮರುದಿನ, ನವೆಂಬರ್ 2, ಸಕಲ ಮೃತರ ಸ್ಮರಣೆ. ಮೇಣದಬತ್ತಿ ಹಿಡಿದು ನಾವು ಸಮಾಧಿಗಳ ಬಳಿ ನಿಲ್ಲುತ್ತೇವೆ. ಅಲ್ಲಿ ಮಲಗಿರುವವರಲ್ಲಿ ಹಲವರು ಹೈದರಾಬಾದ್ ರಾಜ್ಯದಲ್ಲಿ ಹುಟ್ಟಿ, ಮೈಸೂರು ರಾಜ್ಯದಲ್ಲಿ ಮಕ್ಕಳನ್ನು ಬೆಳೆಸಿ, ಕರ್ನಾಟಕದಲ್ಲಿ ಕಣ್ಣುಮುಚ್ಚಿದವರು. 1997ರ ತನಕ ಬದುಕಿದ್ದವರು ರಾಯಚೂರು ಜಿಲ್ಲೆಯಿಂದ ಕೊಪ್ಪಳ ಜಿಲ್ಲೆಗೂ ಬಂದರು. ಹುಟ್ಟಿದ ಓಣಿಯನ್ನು ಮಾತ್ರ ಬಿಟ್ಟಿರಲಿಲ್ಲ. ಆ 1956ರ ಗುರುವಾರವನ್ನು ಕಂಡವರು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಈ ಹಬ್ಬದ ಊಟದ ಬಳಿಕ ಅವರ ಬಳಿ ಕುಳಿತು ಕೇಳಿರಿ. ಕೇಳಿದ್ದನ್ನು ತಾರೀಖು ಹಾಕಿ ಬರೆದು ನಮ್ಮ ಧರ್ಮಕೇಂದ್ರದ ಕಚೇರಿಗೆ ತಂದುಕೊಡಿರಿ.